ಬ್ಯಾಡಗಿಯ ಹೆಣ್ಣುಮಕ್ಕಳಿಗೆ ನಾನು ಹೇಳಿದ ಕಾಯಿಪಲ್ಯದ ಪಾಠ

ನಮ್ಮ ಸಂಸ್ಥೆಯವರು ನನ್ನ ಕೈಗೆ ಕೊಟ್ಟ ಚಿತ್ರಪಟದಲ್ಲಿ ಒಟ್ಟು ಏಳು ಹಾಳೆ ಇದ್ದವು. ಮೊದಲ ನಾಲ್ಕರಲ್ಲಿ ಬರೀ ಕಾಯಿಪಲ್ಯ. ಸೊಪ್ಪು, ಕೋಸು, ಗಜ್ಜರಿ, ಟೊಮೆಟೊ ದಿನಾಲು ತಿನ್ನುವ ಹೆಣ್ಣುಮಕ್ಕಳಲ್ಲಿ ಎದೆಯ ಕ್ಯಾನ್ಸರ್ ಬರುವ ಸಂಭವ ಸ್ವಲ್ಪ ಕಡಿಮೆಯಾಗಬಹುದು ಅನ್ನುವ ವಿಷಯ. ಉಳಿದ ಮೂರು ಹಾಳೆಯಲ್ಲಿ ತನ್ನ ಎದೆಯನ್ನು ತಾನೇ ಮುಟ್ಟಿ ಗಂಟು ಉಂಟೋ ಇಲ್ಲವೋ ನೋಡಿಕೊಳ್ಳುವ ರೀತಿ, ಸಿಕ್ಕರೆ ಎಲ್ಲಿಗೆ ಹೋಗಬೇಕು ಅನ್ನುವುದು. ಇದನ್ನು ಹಿಡಿದುಕೊಂಡು ಬ್ಯಾಡಗಿಯಲ್ಲಿ ಮೆಣಸಿನಕಾಯಿ ಕೆಲಸಕ್ಕೆ ಬರುವ ಹೆಣ್ಣುಮಕ್ಕಳಿಗೆ ಡಿಸೆಂಬರಿನಿಂದ ಒಂದು ಸೀಸನ್ ಪೂರ್ತಿ ತಿಳುವಳಿಕೆ ಕೊಡಬೇಕಿತ್ತು. ಹಾವೇರಿ ಜಿಲ್ಲೆ ಆಗಿ ಎಂಟೊಂಬತ್ತು ವರ್ಷ ಆಗಿತ್ತು. ಚಿಕೂನ್‌ಗುನ್ಯಾ ಬಂದು ಊರೂರ ಮಂದಿ ಗ್ವಾಡಿ ಹಿಡಿದು ನಡೆದ ವರ್ಷ ಅದು.

ನಾನು ನರ್ಸ್. ಮನೆ ರಾಣೇಬೆನ್ನೂರಿನಲ್ಲಿ. ನನ್ನ ಬಾಯಿ ಮೊದಲಿಂದಲೂ ಜೋರು, ಅದಕ್ಕೇ ಇಂಥ ಕೆಲಸ ನನ್ನ ಕೊರಳಿಗೆ ಬೀಳುತ್ತಿತ್ತು. ಚಿತ್ರಪಟ ಬಿಚ್ಚಿದ ಕೂಡಲೇ ಮೊದಲನೇ ಹಾಳೆ ನೋಡಿ ನನಗೆ ಸಿಟ್ಟು ಬಂತು. ಹಸಿರು ಹೂಕೋಸಿನಂಥದ್ದೊಂದರ ಚಿತ್ರ ಹಾಕಿ ಬ್ರೊಕೊಲಿ ಅಂತ ಬರೆದಿದ್ದರು. ರಾಣೇಬೆನ್ನೂರಿನ ಮಾರ್ಕೆಟ್ಟಿನಲ್ಲಿ ಹುಟ್ಟಿದಾಗಿನಿಂದ ಕಾಯಿಪಲ್ಯ ಮಾರುತ್ತ ಬಂದ ಮುದುಕಿಗೆ ತೋರಿಸಿದರೆ, "ಇದ್ಯಾವ ರೋಗ ಬಡದ ಹೂಕೋಸ್ರೀ ಅಕ್ಕಾರ?" ಅಂದಳು. ಚಿತ್ರದ ಗೊಡವೆಯೇ ಬೇಡ ಅಂತ ನಾನು ಪ್ರತಿ ಬುಧವಾರ ಮುಂಜಾನೆ ಅದೇ ಮುದುಕಿಯ ಕಡೆಯಿಂದ ಮೆಂತೆ, ರಾಜಗಿರಿ, ಪುಂಡಿಪಲ್ಯ, ಮೂಲಂಗಿ, ಎಲೆಕೋಸು ಕೈಚೀಲದಲ್ಲಿ ತುಂಬಿಕೊಂಡು ಬ್ಯಾಡಗಿ ಬಸ್ಸು ಹತ್ತುತ್ತಿದ್ದೆ.

ಕೆಲಸದ ಜಾಗ ಒಂದು ದೊಡ್ಡ ಶೆಡ್ಡು. ಅಲ್ಲಿ ಅರವತ್ತು ಎಪ್ಪತ್ತು ಹೆಣ್ಣುಮಕ್ಕಳು ಸಾಲಾಗಿ ಕೂತು ಒಣಮೆಣಸಿನಕಾಯಿಯ ತೊಟ್ಟು ಮುರಿದು ತೆಗೆಯುತ್ತಾರೆ. ತುಂಬು ಬಿಡಿಸೋದು ಅನ್ನುತ್ತಾರೆ ಅದಕ್ಕೆ. ಮೊದಲ ದಿನ ಒಳಗೆ ಕಾಲಿಟ್ಟವಳು ಘಾಟಿಗೆ ಹದಿನೈದು ಸಲ ಸೀನಿದೆ. ಅವರೆಲ್ಲ ಬಿದ್ದು ಬಿದ್ದು ನಕ್ಕರು. ನಗಿಸಿದ್ದು ಒಳ್ಳೆಯದೇ ಆಯಿತು. ಊಟದ ಹೊತ್ತಿಗೆ ಸುತ್ತ ಬಂದು ಕೂತರು.

"ಊಟ ಬಲ್ಲವನಿಗೆ ರೋಗವಿಲ್ಲ ಅಂತಾರ. ನಾ ಹೇಳ್ತೇನಿ, ಊಟ ಬಲ್ಲಾಕಿಗೂ ರೋಗಿಲ್ಲ," ಅಂತ ಶುರು ಮಾಡಿದೆ. ನನಗೆ ಅದು ಬಹಳ ಚಲೋ ಮಾತು ಅನ್ನಿಸಿತ್ತು. ಮುಂದೆ ಪ್ರತಿ ಬುಧವಾರ ಹಂಗೇ ಶುರು ಮಾಡಿದೆ.

ನಾಲ್ಕು ಹಾಳೆ ಸಲೀಸಾಗಿ ಹೋದವು. ಐದನೆಯದು ತೆಗೆದು, ಕೈಯನ್ನು ಎದೆಯ ಮೇಲೆ ಹೇಗೆ ಆಡಿಸಬೇಕು ಅಂತ ತೋರಿಸಿದೆನೋ ಇಲ್ಲವೋ, ಒಬ್ಬಾಕಿ ತನ್ನ ಎರಡೂ ಕೈ ನನ್ನ ಮುಖದ ಮುಂದೆ ಹಿಡಿದಳು. ಬೆರಳೆಲ್ಲ ಕೆಂಪಗಾಗಿದ್ದವು.

"ಅಕ್ಕಾರ, ಈ ಕೈಲೆ ಅಲ್ಲಿ ಮುಟ್ಟಿಕೊಂಡ್ರ ಬೆಳತನಾ ಕುಣೀಬೇಕಾಕ್ಕೈತ್ರಿ!"

ಶೆಡ್ಡಿಗೆ ಶೆಡ್ಡೇ ನಕ್ಕಿತು. ಆಕೆ ಹೇಳಿದ್ದು ಖರೇನೇ. ಕೂಸಿಗೆ ಹಾಲು ಕೊಡುವವರು ಎಣ್ಣೆ ಹಚ್ಚಿ, ಮಜ್ಜಿಗೆಯಲ್ಲಿ ಕೈ ಅದ್ದಿ, ತೊಳೆದು, ಮತ್ತೆ ತೊಳೆದು, ಆಮೇಲೆ ಕುಪ್ಪಸ ಸಡಿಲಿಸುತ್ತಿದ್ದರು. ಉಳಿದವರು ಸೀಸನ್ ಮುಗಿಯುವ ತನಕ ತಮ್ಮ ಮೈ ತಾವು ಮುಟ್ಟಿಕೊಳ್ಳುವುದಕ್ಕೇ ಹೆದರುವರು. ಅಷ್ಟರಲ್ಲಿ ಚೀಲ ಹೊತ್ತ ಹಮಾಲರು ಹಾದುಹೋದರು. ಹೆಣ್ಣುಮಕ್ಕಳು ಸೆರಗು ಎಳೆದುಕೊಂಡು ಮುಖ ಕೆಳಗೆ ಹಾಕಿದರು. ಆ ದಿನ ಹಾಳೆ ಮಡಿಚಿದೆ. ಮುಂದಿನ ಎರಡು ಬುಧವಾರವೂ ಐದನೆಯ ಹಾಳೆಗೆ ಬಂದ ಕೂಡಲೇ ಹಿಂದಿನವರು ಒಬ್ಬೊಬ್ಬರಾಗಿ ಎದ್ದು ಹೋದರು. ಕಾಗಿನೆಲೆಯಲ್ಲಿ ಮಾಡಿದ ಸಭೆಯಲ್ಲೂ ಇದೇ ಹಾಡು. ಕೊನೆಗೆ ನಾನು ಆ ಮೂರು ಹಾಳೆಗೆ ಕ್ಲಿಪ್ ಹಾಕಿಬಿಟ್ಟೆ. ಮೊದಲು ಕಾಯಿಪಲ್ಯ ತಿನ್ನುವುದು ರೂಢಿ ಆಗಲಿ, ಸಲಿಗೆ ಬೆಳೆಯಲಿ, ಉಳಿದದ್ದು ಆಮೇಲೆ ಹೇಳಿದರಾಯಿತು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಯಾರೂ ನನಗೆ ಹಾಗೆ ಮಾಡು ಅನ್ನಲಿಲ್ಲ. ನಾನೇ ಮಾಡಿದ್ದು.

ಮೊದಲ ಸಾಲಿನಲ್ಲಿ ಕೂರುತ್ತಿದ್ದ ಹಿರಿಯಾಕಿಯ ಬಗ್ಗೆ ಈಗ ಹೇಳಬೇಕು. ಮೋಟೆಬೆನ್ನೂರಿನವಳು, ನಲವತ್ತೈದರ ಆಚೀಚೆ ವಯಸ್ಸು. ಗಂಡ ತೀರಿ ಹೋಗಿದ್ದ, ಮದುವೆಗೆ ಬಂದ ಒಬ್ಬಳೇ ಮಗಳು. ಸಾಲಿನಲ್ಲಿ ಯಾರಾದರೂ ತುಂಬು ಸರಿಯಾಗಿ ಮುರಿಯದಿದ್ದರೆ ಬಯ್ಯುವವಳು ಇವಳೇ, ಹುಷಾರಿಲ್ಲದವಳ ಪಾಲಿನ ಕಾಯಿ ತಾನು ಬಿಡಿಸಿ ಕೊಡುವವಳೂ ಇವಳೇ. ಮೊದಲ ದಿನದ ಪಾಠ ಮುಗಿದ ಮೇಲೆ ಇವಳೊಬ್ಬಳೇ ಪ್ರಶ್ನೆ ಕೇಳಿದ್ದು.

"ಎಷ್ಟ ತಿಂಗಳ ತಿನ್ನಬೇಕ್ರಿ ಅಕ್ಕಾರ?"

"ತಿಂಗಳಾ? ಜೀವ ಇರೂತನಾ ತಿನ್ನಬೇಕವಾ! ನಿಮ್ಮಂಥಾಕಿ ಒಂದಿನಾನೂ ತಪ್ಪಿಸಬಾರದು ನೋಡ್ರಿ," ಅಂದೆ.

ಎಲ್ಲರೂ ನಕ್ಕರು. ಅವಳು ನಗಲಿಲ್ಲ, ತಲೆ ಅಲ್ಲಾಡಿಸಿದಳು. ಆರಾಮ ಇದ್ದವರು ಎಷ್ಟು ತಿಂಗಳು ಅಂತ ಕೇಳುವುದಿಲ್ಲ, ಅದು ರೋಗಿ ಕೇಳುವ ಪ್ರಶ್ನೆ. ಇಪ್ಪತ್ತು ವರ್ಷ ನರ್ಸ್ ಆಗಿದ್ದ ನನಗೆ ಅದು ಹೊಳೆಯಲಿಲ್ಲವಲ್ಲ!

ಅವರು ತಿಂದದ್ದನ್ನು ಒಂದು ವಹಿಯಲ್ಲಿ ಬರೆದುಕೊಳ್ಳುವುದೂ ನನ್ನ ಕೆಲಸ. ಮೊದಮೊದಲು "ನಿನ್ನಿ ಮನ್ಯಾಗ ಏನ ಪಲ್ಯ ಮಾಡಿದ್ರಿ?" ಅಂತ ಕೇಳುತ್ತಿದ್ದೆ. ಬದನಿಕಾಯಿ, ಹೀರಿಕಾಯಿ, ಮೆಂತೆಪಲ್ಯ ಅಂತ ಉತ್ತರ ಬರುತ್ತಿತ್ತು. ವಹಿ ನೋಡಿದರೆ ಎಲ್ಲರೂ ಕಾಯಿಪಲ್ಯ ತಿನ್ನುವವರೇ. ಆದರೆ ಬುತ್ತಿ ಬಿಚ್ಚಿದರೆ ಎರಡು ಖಟಿ ರೊಟ್ಟಿ, ಕೆಂಪು ಖಾರ, ಒಂದಿಷ್ಟು ಶೇಂಗಾ ಹಿಂಡಿ. ಪಲ್ಯ ಗಂಡಸರ ತಾಟಿಗೆ, ಮಕ್ಕಳ ತಾಟಿಗೆ ಹೋಗಿ ಗಡಿಗೆ ಖಾಲಿ ಆಗಿರುತ್ತಿತ್ತು. ಮಾಡಿದವಳಿಗೆ ಖಾರವೇ ಗತಿ. ಅಂದಿನಿಂದ ಪ್ರಶ್ನೆ ಬದಲಿಸಿದೆ. "ನಿಮ್ಮ ರೊಟ್ಟಿ ಮ್ಯಾಲ ಏನಿತ್ತು?" ಅಂತ ಕೇಳಿ, ಎಷ್ಟು ಹಿಡಿ ಅಂತ ಅವರ ಕೈಯಿಂದಲೇ ತೋರಿಸಿಕೊಂಡು ಬರೆಯತೊಡಗಿದೆ. ಈಗ ವಹಿ ಖರೇ ಮಾತಾಡಿತು. ಅರ್ಧಕ್ಕಿಂತ ಹೆಚ್ಚಿನ ಹೆಸರ ಮುಂದೆ ಸೊನ್ನೆ.

ಹಿರಿಯಾಕಿಯ ಹೆಸರ ಮುಂದೆ ಮಾತ್ರ ಎರಡನೇ ವಾರದಿಂದಲೇ ಸೊನ್ನೆ ಇರಲಿಲ್ಲ. ಮುಸುರೆ ನೀರು ಹರಿಯುವ ಹಿತ್ತಲಲ್ಲಿ ಮೆಂತೆ, ಮೂಲಂಗಿ ಹಾಕಿದಳು. ಹೊಲದ ಬದುವಿನ ಹಕ್ಕರಕಿ ಸೊಪ್ಪು ಕಿತ್ತು ತಂದು ಹಸಿಯಾಗಿಯೇ ರೊಟ್ಟಿಯೊಳಗಿಟ್ಟು ಕಚ್ಚುತ್ತಿದ್ದಳು. ತಾನು ತಿನ್ನುವುದಲ್ಲದೆ ಪಕ್ಕದವರ ಬುತ್ತಿಗೂ ಒಂದೊಂದು ಹಿಡಿ ಹಾಕುವಳು. "ತಿನ್ನರೆ, ಅಕ್ಕಾರು ಸುಳ್ಳ ಹೇಳ್ತಾರೇನು?" ಅಂತ ಗದರಿಸುವಳು. ಬೇರೆಯವರ ಬುತ್ತಿಯ ಎಣ್ಣಿಗಾಯಿ ಬದನೆಕಾಯಿ ಮಾತ್ರ ಮುಟ್ಟುತ್ತಿರಲಿಲ್ಲ. ಸೇರುವುದಿಲ್ಲವೇನೋ ಅಂದುಕೊಂಡೆ. ಶಿವರಾತ್ರಿ ಹೊತ್ತಿಗೆ ಆ ಶೆಡ್ಡಿನ ಮುಕ್ಕಾಲು ಬುತ್ತಿಯಲ್ಲಿ ಏನಾದರೊಂದು ಹಸಿರು ಕಾಣುತ್ತಿತ್ತು. ನಾನು ಬೆನ್ನು ತಟ್ಟಿಕೊಂಡೆ. ವರದಿಯಲ್ಲಿ ಆಕೆಯ ಬಗ್ಗೆ ಅರ್ಧ ಪುಟ ಬರೆದೆ. ಮಾರ್ಚಿನ ಮಹಿಳಾ ದಿನಕ್ಕೆ ಹಾವೇರಿಯಲ್ಲಿ ನಮ್ಮ ಸಂಸ್ಥೆಯ ಕಾರ್ಯಕ್ರಮವಿತ್ತು. ಅಲ್ಲಿ ನಾಲ್ಕು ಮಾತಾಡಲು ಅವಳನ್ನೇ ಕರೆದುಕೊಂಡು ಹೋಗುವುದು ಅಂತ ಆಯಿತು.

ಕಲ್ಯಾಣ ಮಂಟಪದ ಬಾಗಿಲಲ್ಲಿ ಮಾತಾಡುವವರಿಗೆಲ್ಲ ರಿಬ್ಬನ್ನಿನ ಬ್ಯಾಡ್ಜ್ ಚುಚ್ಚುತ್ತಿದ್ದರು. ಹಿರಿಯಾಕಿ ಹಸಿರು ಇಳಕಲ್ ಸೀರೆ ಉಟ್ಟುಕೊಂಡು ಬಂದಿದ್ದಳು. "ಬರ್ರಿ, ಇವತ್ತ ನೀವ ಸಾಹೇಬ್ರು," ಅಂತ ಚೇಷ್ಟೆ ಮಾಡುತ್ತ ಎಡಗಡೆ ಸೆರಗಿಗೆ ಪಿನ್ನು ಹಾಕಲು ಹೋದೆ. ಗಬಕ್ಕನೆ ನನ್ನ ಕೈ ಹಿಡಿದಳು. ಮುಖ ಬಿಳಚಿಕೊಂಡಿತ್ತು.

"ಅಲ್ಲಿ ಬ್ಯಾಡ್ರಿ ಅಕ್ಕಾರ. ಬಲಕ್ಕ ಹಾಕ್ರಿ."

ಅಷ್ಟು ಹತ್ತಿರ ನಿಂತಾಗ ನನಗೆ ವಾಸನೆ ಬಂತು. ಅರಿಶಿಣ, ಎಣ್ಣೆ, ಅದರ ಕೆಳಗೆ ಹುಣ್ಣಿನ ವಾಸನೆ. ನರ್ಸ್ ಆದವಳಿಗೆ ಆ ವಾಸನೆ ಹೇಳಿಕೊಡಬೇಕಿಲ್ಲ. ಪಾತ್ರೆ ಇಡುವ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದೆ. ಕುಪ್ಪಸದೊಳಗೆ ಹಳೆಯ ಧೋತರದ ತುಂಡನ್ನು ನಾಲ್ಕು ಮಡಿಕೆ ಮಾಡಿ ಇಟ್ಟಿದ್ದಳು. ತೆಗೆದು ನೋಡಿದೆ. ಗಂಟು ನಿಂಬೆಹಣ್ಣಿಗಿಂತ ದೊಡ್ಡದು. ಚರ್ಮ ಒಳಗೆ ಎಳೆದುಕೊಂಡು ಒಂದು ಕಡೆ ಒಡೆದಿತ್ತು. ಕಂಕುಳಲ್ಲೂ ಗಟ್ಟಿ ಗಟ್ಟಿ ಕೈಗೆ ಸಿಕ್ಕವು.

"ಯಾವಾಗಿಂದ ಐತಿ ಇದು?"

"ನೀವು ಮೊದಲನೇ ಸಲ ಬಂದಾಗ ಅಡಕಿಯಷ್ಟ ಇತ್ರಿ."

"ಮತ್ತ ನನಗ ಯಾಕ ಹೇಳ್ಲಿಲ್ಲವ್ವಾ? ವಾರಾ ವಾರಾ ಬರ್ತಿದ್ದೆನಲ್ಲ!"

ಅವಳು ನನ್ನನ್ನು ನೋಡಿದ ರೀತಿ ನನಗೆ ಇವತ್ತಿಗೂ ನೆನಪಿದೆ. ನಾನೇನೋ ತಿಳಿಯದ ಮಾತಾಡುತ್ತಿದ್ದೇನೆ ಅನ್ನುವ ಹಾಗೆ ನೋಡಿದಳು.

"ಔಷಧ ನೀವ ಹೇಳಿದ್ರೆಲ್ಲರಿ. ಒಂದಿನಾನೂ ತಪ್ಪಿಸಬ್ಯಾಡ ಅಂದ್ರಿ. ನಾ ತಪ್ಪಿಸಿಲ್ಲರಿ. ಬದನಿಕಾಯಿ ನಂಜು ಅಂತ ಅದನ್ನೂ ಬಿಟ್ಟೇನಿ. ನನ್ನ ಮುಖಾ ನೋಡಿನ ನಿಮಗ ಗೊತ್ತಾತು, ನಾಕ ಮಂದ್ಯಾಗ ಬಿಚ್ಚಿ ತೋರ್ಸಂತ ಅನ್ನಲಾರ್ದ ಪಥ್ಯ ಅಷ್ಟ ಹೇಳಿದ್ರಿ, ದೊಡ್ಡ ಮನಸಿನವ್ರು ಅಂತ ತಿಳಕೊಂಡಿದ್ನಿರಿ."

ನಮ್ಮ ಕಡೆ ಆರಾಮ ಇದ್ದವರಿಗೆ ಇದು ತಿನ್ನು, ಇದು ಬಿಡು ಅಂತ ಯಾರೂ ಹೇಳುವುದಿಲ್ಲ. ಬಾಣಂತಿಗೆ ಹೇಳುತ್ತಾರೆ, ಕಾಮಣಿ ರೋಗ ಆದವನಿಗೆ ಹೇಳುತ್ತಾರೆ, ಗಾಯ ಆದವನಿಗೆ ಹೇಳುತ್ತಾರೆ. ವೈದ್ಯ ನಾಡಿ ಹಿಡಿದು ಪಥ್ಯ ಹೇಳಿದನೆಂದರೆ ರೋಗ ಗೊತ್ತಾಯಿತು, ಔಷಧ ಶುರುವಾಯಿತು ಅಂತ ಅರ್ಥ. ನಾನು ಹುಟ್ಟಿ ಬೆಳೆದದ್ದೂ ಅದೇ ಮಂದಿಯಲ್ಲಿ. ನನ್ನವ್ವ ನನಗೆ ಹೀಗೇ ಪಥ್ಯ ಮಾಡಿಸಿದ್ದಾಳೆ. ಆದರೂ ಆ ನಾಲ್ಕು ಹಾಳೆ ಹಿಡಿದು ನಿಂತಾಗ ಇದು ನನ್ನ ತಲೆಗೆ ಹೋಗಲೇ ಇಲ್ಲ. ಗಂಟು ಸಿಕ್ಕರೆ ಡಾಕ್ಟರಿಗೆ ತೋರಿಸಿ ಅನ್ನುವ ಮಾತಿದ್ದ ಹಾಳೆಗಳಿಗೆ ಕ್ಲಿಪ್ ಹಾಕಿದವಳೂ ನಾನೇ.

ಅವತ್ತು ಅವಳು ವೇದಿಕೆ ಹತ್ತಲಿಲ್ಲ. ಹಾವೇರಿಯಲ್ಲೇ ನಮಗೆ ಪರಿಚಯದ ಲೇಡಿ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಅವರು ನೋಡಿ, ಕೈ ತೊಳೆದು, ನನ್ನನ್ನು ಹೊರಗೆ ಕರೆದರು. "ಹುಬ್ಬಳ್ಳಿಗೆ ಕರ್ಕೊಂಡು ಹೋಗಿ. ಆದರೆ ಬಹಳ ಮುಂದುವರಿದಿದೆ ಸಿಸ್ಟರ್," ಅಂದರು.

"ಡಿಸೆಂಬರದಾಗ ಬಂದಿದ್ದರ, ಮೇಡಂ?"

"ಆ ಪ್ರಶ್ನೆ ಈಗ ಕೇಳಬೇಡಿ."

ಹುಬ್ಬಳ್ಳಿಯಲ್ಲಿ ಸೂಜಿ ಹಾಕಿ ಪರೀಕ್ಷೆ ಮಾಡಿದರು, ಎಕ್ಸ್‌ರೇ ಫೋಟೊ ತೆಗೆದರು. ರೋಗ ಎಲುಬಿಗೆ ಇಳಿದಿತ್ತು. ಮೂರು ವಾರಕ್ಕೊಮ್ಮೆ ಸಲೈನಿನಲ್ಲಿ ಔಷಧ ಕೊಡುವುದು, ನೋವು ಕಡಿಮೆ ಮಾಡುವುದು, ಅಷ್ಟೇ ಅವರ ಕೈಯಲ್ಲಿದ್ದದ್ದು. ಹಿರಿಯಾಕಿಗೆ ಅದಕ್ಕಿಂತ ದೊಡ್ಡ ಚಿಂತೆ ಬೇರೆ ಇತ್ತು. ಮಗಳಿಗೆ ಕಾಗಿನೆಲೆ ಕಡೆಯ ಒಂದು ಮನೆಯಿಂದ ಮಾತುಕತೆ ನಡೆದಿತ್ತು. ತಾಯಿಗೆ ಇಂಥ ರೋಗ ಅಂತ ಗೊತ್ತಾದರೆ ಯಾರು ಹೆಣ್ಣು ಮಾಡಿಕೊಂಡಾರು? ಮುಚ್ಚಿಟ್ಟದ್ದು ನಾಚಿಕೆಗಿಂತ ಹೆಚ್ಚಾಗಿ ಅದಕ್ಕೇ. ಮಗಳಿಗೂ ಹೇಳಿರಲಿಲ್ಲ. ಈಗ ಮಗಳಿಗೆ ಹೇಳಿದಳು, ಬೀಗರಿಗೆ ಹೇಳಬಾರದು ಅಂತ ಆಣೆ ಹಾಕಿಸಿಕೊಂಡಳು.

ನನಗೆ ಆ ಶೆಡ್ಡಿಗೆ ಮತ್ತೆ ಹೋಗುವ ಮನಸ್ಸೇ ಇರಲಿಲ್ಲ. ಎರಡು ಬುಧವಾರ ಹೋಗಲಿಲ್ಲ. ಕೆಲಸ ಬಿಡುತ್ತೇನೆ ಅಂತ ಸಂಸ್ಥೆಯ ಮೇಲಿನವರಿಗೆ ಹೇಳಿಯೂ ಬಿಟ್ಟೆ. ಅವರು ಶಾಂತವಾಗಿ, "ಬಿಡ್ರಿ. ಆದರ ಅಲ್ಲಿ ಅರವತ್ತ ಮಂದಿ ಅರ್ಧಾ ಪಾಠ ಕೇಳಿ ಕುಂತಾರಲ್ಲ, ಅವರಿಗೆ ಯಾರು ಹೇಳಬೇಕು?" ಅಂದರು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಂಗೆ. ಮೊದಲೇ ಮಾಡಬೇಕಾದದ್ದನ್ನು ಆಮೇಲೆ ಮಾಡಿದೆ. ಶೆಡ್ಡಿನ ಮಾಲೀಕರ ಮನೆಗೆ ಹೋಗಿ ಅವರ ಹೆಂಡತಿಯ ಮುಂದೆ ಕೂತು ಬೇಡಿಕೊಂಡೆ. ಆಕೆ ಗಂಡನಿಗೆ ಹೇಳಿ, ಖಾಲಿ ಚೀಲ ಇಡುವ ಕೋಣೆ ಬುಧವಾರದ ಮಟ್ಟಿಗೆ ತೆರವು ಮಾಡಿಸಿದಳು. ಹಮಾಲರು ಆ ಹೊತ್ತು ಹಿಂದಿನ ಬಾಗಿಲಿನಿಂದ ಓಡಾಡಬೇಕು ಅಂತ ಮಾಡಿಸಿದಳು. ಬಾಗಿಲಿಗೆ ದಪ್ಪ ಜಮಖಾನೆ ಕಟ್ಟಿದೆವು. ಒಂದು ಬೋಗುಣಿಯಲ್ಲಿ ಮಜ್ಜಿಗೆ, ಒಂದು ಬಟ್ಟಲಲ್ಲಿ ಶೇಂಗಾ ಎಣ್ಣೆ, ಸಾಬೂನು, ಎರಡು ಕೊಡ ನೀರು. ತಿಂಗಳಲ್ಲಿ ಒಂದು ಬುಧವಾರ ಲೇಡಿ ಡಾಕ್ಟರ್ ಬರಲು ಒಪ್ಪಿದರು.

ಶೆಡ್ಡಿನಲ್ಲಿ ಮಾತಾಡುವ ಮೊದಲು ಹಿರಿಯಾಕಿಯ ಒಪ್ಪಿಗೆ ಕೇಳಿದೆ. "ಒಬ್ಬಾಕಿ ತಡಾ ಮಾಡಿ ಬಂದ್ಲು ಅಂತ ಹೇಳಲೇನವ್ವಾ?" ಅಂದೆ. "ಹೇಳ್ರಿ. ಹೆಸರು, ಊರು ಹೇಳಬ್ಯಾಡ್ರಿ," ಅಂದಳು. ತಪ್ಪು ನನ್ನದು ಅಂತ ಅವಳ ಮುಂದೆ ಹೇಳಲು ನನಗೆ ಬಾಯಿ ಬರಲಿಲ್ಲ.

ಆ ಬುಧವಾರ ಗಾದೆ ಮಾತು ಬಿಟ್ಟು ನೇರ ಶುರು ಮಾಡಿದೆ. ಒಬ್ಬ ಹೆಣ್ಣುಮಗಳಿಗೆ ಗಂಟಾಗಿತ್ತು, ಮುಚ್ಚಿಟ್ಟಳು, ಬರೀ ಕಾಯಿಪಲ್ಯ ತಿಂದು ವಾಸಿ ಆಗುತ್ತದೆ ಅಂತ ಕೂತಳು, ಈಗ ಕೈ ಮೀರಿ ಹೋಗಿದೆ ಅಂದೆ.

"ಎಂಥಾ ಹುಚ್ಚಿ ಇರಬೇಕ ಅಕಿ!" ಅಂದಳು ಒಬ್ಬಾಕಿ.

"ಅಲ್ಲ ಮತ್ತ, ಸೊಪ್ಪ ತಿಂದ್ರ ಗಂಟ ಕರಗತೈತೇನು?" ಅಂದಳು ಇನ್ನೊಬ್ಬಾಕಿ. ಹಿರಿಯಾಕಿ ತಿಂಗಳುಗಟ್ಟಲೆ ಇವಳ ಬುತ್ತಿಗೇ ಮೆಂತೆಪಲ್ಯ ಹಾಕಿದ್ದಳು.

ನನಗೆ ತಡೆಯಲಾಗಲಿಲ್ಲ. ಇಷ್ಟು ಹೇಳಿ ಸುಮ್ಮನಾದರೆ ಎಲ್ಲರ ಬಾಯಲ್ಲೂ ಆಕೆಯೇ ಹುಚ್ಚಿಯಾಗಿ ಉಳಿಯುತ್ತಾಳೆ, ನಾನು ಒಳ್ಳೆಯವಳಾಗಿ ಉಳಿಯುತ್ತೇನೆ ಅನ್ನಿಸಿ ನನ್ನ ಮೇಲೆ ನನಗೇ ಹೇಸಿಗೆ ಬಂತು.

"ಹುಚ್ಚಿ ಅಕಿ ಅಲ್ಲ, ನಾನು," ಅಂದೆ. "ಊಟ ಬಲ್ಲಾಕಿಗೆ ರೋಗಿಲ್ಲ ಅಂತ ಹೇಳಿದಾಕಿ ಯಾರು? ನಾನು. ಈ ಮೂರು ಹಾಳಿ ಮುಚ್ಚಿಟ್ಟಾಕಿ ಯಾರು? ನಾನು. ಕಾಯಿಪಲ್ಯ ಔಷಧ ಅಲ್ಲ ಅಂತ ಒಂದ ಮಾತ ಹೇಳಿದ್ದರ ಅಕಿ ಅವತ್ತ ನನ್ನ ಕೈ ಹಿಡಿದು ತೋರಿಸ್ತಿದ್ಲು."

ಹೇಳುತ್ತ ಹೇಳುತ್ತ ಅತ್ತುಬಿಟ್ಟೆ. ಮೊದಲ ಸಾಲಿನ ಖಾಲಿ ಜಾಗದ ಕಡೆ ಒಬ್ಬೊಬ್ಬರದೇ ಕಣ್ಣು ಹೋಯಿತು. ಹೆಸರು ಯಾರೂ ಎತ್ತಲಿಲ್ಲ. ಹುಚ್ಚಿ ಅಂದಿದ್ದ ಆಕೆಯೇ ಮೊದಲು ಎದ್ದು ಮಜ್ಜಿಗೆ ಬೋಗುಣಿಯಲ್ಲಿ ಕೈ ಅದ್ದಿದಳು. ಅವತ್ತು ಕೋಣೆಯೊಳಗೆ ಬಂದವರು ಐದೇ ಮಂದಿ. ಮುಂದಿನ ಬುಧವಾರ ನಾಲ್ಕಕ್ಕೆ ಇಳಿಯಿತು, ಆಮೇಲೆ ಹದಿಮೂರಕ್ಕೆ ಏರಿತು. ಒಬ್ಬಾಕಿಗೆ ಗಂಟು ಸಿಕ್ಕಿತು. ಹಾವೇರಿಗೆ ಕರೆದುಕೊಂಡು ಹೋಗುವಾಗ ಬಸ್ಸಿನ ತುಂಬ ನನ್ನ ಕೈ ಬಿಡಲೇ ಇಲ್ಲ. ಬರೀ ನೀರಿನ ಗಂಟು ಅಂದರು ಡಾಕ್ಟರ್. ಇಬ್ಬರೂ ಬಸ್ ಸ್ಟ್ಯಾಂಡಿನಲ್ಲಿ ಕೂತು ಚಹಾ ಕುಡಿದೆವು.

ಹಿರಿಯಾಕಿಯ ಮಗಳ ಮದುವೆ ವೈಶಾಖದಲ್ಲಿ ಮನೆಯ ಮುಂದೆಯೇ ಆಯಿತು. ತಾಯಿ ತಲೆತುಂಬ ಸೆರಗು ಹೊದ್ದು ಕುರ್ಚಿಯ ಮೇಲೆ ಕೂತಿದ್ದಳು. ಔಷಧಕ್ಕೆ ಕೂದಲೆಲ್ಲ ಹೋಗಿತ್ತು. ಚಿಕೂನ್‌ಗುನ್ಯಾ ಬಂದು ನಿಶ್ಶಕ್ತಿ ಅಂತ ಬೀಗರಿಗೆ ಹೇಳಿದ್ದರು, ಆ ವರ್ಷ ಎಲ್ಲರೂ ನಂಬುವ ಮಾತೇ ಅದು. ಅಕ್ಕಿಕಾಳು ಬಲಗೈಯಿಂದ ಹಾಕಿದಳು, ಎಡಗೈ ಬಾತು ಮಡಿಲಲ್ಲಿ ಬಿದ್ದಿತ್ತು.

ಶ್ರಾವಣದಲ್ಲಿ ಕೊನೆಯ ಸಲ ನೋಡಲು ಹೋದಾಗ ಮೋಟೆಬೆನ್ನೂರಿನ ಮನೆಯಲ್ಲಿ ಮಲಗಿದಲ್ಲೇ ಇದ್ದಳು. ಹುಣ್ಣು ತೊಳೆದು ಬಟ್ಟೆ ಕಟ್ಟಿದೆ. ನೋವಿನ ಗುಳಿಗೆ ಕೊಟ್ಟೆ. ಅರ್ಧ ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಅಕ್ಕಾರ, ನಾ ಅಷ್ಟ ದಿನಾ ತಿಂದಿದ್ದು ದಂಡ ಆತೇನ್ರಿ?"

"ದಂಡ ಯಾಕಾಕ್ಕೈತ್ಯವ್ವಾ? ಅದನ್ನ ತಿಂದಿದ್ದಕ್ಕನ ಇಷ್ಟ ಗಟ್ಟಿ ಇದ್ದೀರಿ," ಅಂದೆ.

ಸುಳ್ಳು. ಅರವತ್ತು ಮಂದಿಯ ಮುಂದೆ ಬಂದ ಧೈರ್ಯ ಆ ಒಬ್ಬಳ ಮುಂದೆ ಬರಲಿಲ್ಲ. ಅವಳು ನಂಬಿದಳೋ, ನನ್ನ ಸಮಾಧಾನಕ್ಕೆ ನಂಬಿದ ಹಾಗೆ ಮಾಡಿದಳೋ, "ಹಂಗಾರ ಚಲೋ ಆತು ಬಿಡ್ರಿ," ಅಂದಳು. ಎಂಟು ದಿನಕ್ಕೆ ತೀರಿಕೊಂಡಳು.

ಮುಂದಿನ ಸೀಸನ್ ಶುರುವಾದ ಮೇಲೆ ಒಂದು ಬುಧವಾರ ಅವಳ ಮಗಳು ಬ್ಯಾಡಗಿಯ ಆ ಕೋಣೆಗೆ ಬಂದಳು. ಗಂಡನ ಮನೆಯಲ್ಲಿ ಸಂತೆಗೆ ಅಂತ ಹೇಳಿ ಬಂದಿದ್ದಳು. ಮೂಗು, ಹಣೆ, ಮಾತಾಡುವಾಗ ಕತ್ತು ಓರೆ ಮಾಡುವುದು ಎಲ್ಲ ತಾಯಿಯದೇ. "ನನಗೂ ನೋಡ್ರಿ," ಅಂದಳು. ಅವತ್ತು ಡಾಕ್ಟರ್ ಬಂದಿದ್ದರು. ನಿಧಾನವಾಗಿ ನೋಡಿ, ಏನೂ ಇಲ್ಲ ಅಂದರು. ತಾಯಿಗೆ ಆದದ್ದರಿಂದ ನೀನು ವರ್ಷ ವರ್ಷ ತಪ್ಪದೆ ತೋರಿಸಿಕೊಳ್ಳಬೇಕು ಅಂತಲೂ ಹೇಳಿದರು. ಹುಡುಗಿ ಕುಪ್ಪಸದ ಗುಂಡಿ ಹಾಕಿಕೊಳ್ಳುತ್ತ ನನ್ನ ಕಡೆ ತಿರುಗಿದಳು.

"ನಾ ಏನ ತಿನ್ನಬೇಕ್ರಿ?"

ಅವಳನ್ನು ಹತ್ತಿರ ಕೂರಿಸಿಕೊಂಡೆ. ಆಮೇಲೆ ಹೇಳಿದೆ.

"ಸೊಪ್ಪು ತಪ್ಪಲ, ಕೋಸು, ಗಜ್ಜರಿ, ಸಿಕ್ಕ ಕಾಯಿಪಲ್ಯ ದಿನಾ ತಿನ್ನವಾ. ಎಲ್ಲಾರಿಗೂ ನೀಡಿ ಉಳಿದದ್ದಲ್ಲ, ನಿನ್ನ ಪಾಲು ಮೊದಲ ತೆಗದಿಟಗೊಂಡು ತಿನ್ನು. ತಿಂದ್ರ ಈ ರೋಗ ಬರೂದು ಒಂದೀಟು ಕಡಿಮಿ ಆದೀತು ಅಂತಾರ. ಬರೂದ ಇಲ್ಲ ಅಂತಲ್ಲ. ಬಂದಿದ್ದರ, ಅದರಿಂದ ಹೋಗೂದಿಲ್ಲ. ಅದಕ್ಕ ತಿಂಗಳಿಗೊಮ್ಮೆ ಕೈ ಸ್ವಚ್ಛ ತೊಳಕೊಂಡು ನೀನ ನೋಡ್ಕೊ. ಜ್ವಾಳದ ಕಾಳಿನಷ್ಟು ಸಿಕ್ಕರೂ ಮರುದಿನಾನ ಬಾ. ಯಾರಿಗೂ ನಾಚಬ್ಯಾಡ, ಯಾರಿಗೂ ಹೆದರಬ್ಯಾಡ."

ಅವಳು ಕಡೆತನಕ ಕೇಳಿದಳು. ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ ನನ್ನ ಮುಖವನ್ನೇ ನೋಡಿದಳು.

"ನಮ್ಮವ್ವಗೂ ಇಷ್ಟೂ ಹೇಳಿದ್ರೇನ್ರಿ ಅಕ್ಕಾರ?"

"ಇಲ್ಲವಾ," ಅಂದೆ. "ಅರ್ಧಾ ಅಷ್ಟ ಹೇಳಿದ್ದೆ."